ಗುಡ್ಡವನ್ನು ನೋಡಿ ಬರೆದ ಮಕ್ಕಳು

ಯಾವುದೇ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ‘ಒಂದು ಸೀನರಿ ಬಿಡಿಸಿ’ ಎಂದು ಹೇಳಿ ನೋಡಿ. ತ್ರಿಕೋನದಂತಹ ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ದಡದಲ್ಲೊಂದು ಗುಡಿಸಲು, ಪಕ್ಕಕ್ಕೆ ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ಬಿಜಾಪುರದ ಬಯಲಿನ ಮಗುವೂ ಇದನ್ನೇ ಬರೆಯುತ್ತದೆ, ಉಳ್ಳಾಲದ ಕಡಲ ತಡಿಯ ಮಗುವೂ ಇದನ್ನೇ ಬರೆಯುತ್ತದೆ. ನಾವೂ ಇದನ್ನೇ ಬರೆದು ಅಂಕ ಗಳಿಸಿದವರು. ನಮ್ಮ ಕಿಟಕಿಯಾಚೆ ಕಾಣುತ್ತಿದ್ದುದು ಏನು ಎಂದು ಆಗ ಯಾರೂ ಕೇಳಲಿಲ್ಲ.

ಈ ಪ್ರಶ್ನೆಯನ್ನು ಒಂದು ನೂರು ವರ್ಷಗಳ ಹಿಂದೆ ಜಪಾನಿನ ಹಳ್ಳಿಶಾಲೆಯೊಂದರಲ್ಲಿ ಎತ್ತಲಾಗಿತ್ತು. ಆ ಕಥೆಯನ್ನು ನಮ್ಮ ಶಿಕ್ಷಕರು ತಿಳಿದಿರುವುದು ಒಳ್ಳೆಯದು.

1872ರಲ್ಲಿ ಜಪಾನ್ ಆಧುನಿಕ ಶಾಲಾ ಪದ್ಧತಿಯನ್ನು ಜಾರಿಗೆ ತಂದಿತು. ಚಿತ್ರಕಲೆಯೂ ಪಾಠಗಳಲ್ಲಿ ಸೇರಿತು. ಆದರೆ ಅದು ಕಲೆಗಾಗಿ ಬಂದುದಲ್ಲ. ಕಾರ್ಖಾನೆ, ನಕ್ಷೆ, ಯಂತ್ರಗಳ ಕಾಲಕ್ಕೆ ಪಳಗಿದ ಕೈ ಬೇಕಾಗಿತ್ತು. (ಬ್ರಿಟಿಷರು ನಮ್ಮಲ್ಲಿ ಡ್ರಾಯಿಂಗ್ ಕಲಿಸಲು ಹೊರಟಾಗಲೂ ಲೆಕ್ಕಾಚಾರ ಬಹುಪಾಲು ಇದೇ ಆಗಿತ್ತು.) ಮೊದಲು ಪಾಶ್ಚಾತ್ಯ ಮಾದರಿಯ ಪೆನ್ಸಿಲ್ ಚಿತ್ರಗಳು ಬಂದವು. ಆಮೇಲೆ ಕುಂಚವೇ ನಮ್ಮ ಸಂಪ್ರದಾಯ ಎಂಬ ವಾದ ಎದ್ದಿತು, ಕುಂಚದ ಪುಸ್ತಕಗಳೂ ಬಂದವು. ಪೆನ್ಸಿಲ್ಲೋ ಕುಂಚವೋ ಎಂದು ಪಂಡಿತರು ವರ್ಷಗಟ್ಟಲೆ ಕಾದಾಡಿದರು. ಎರಡರಲ್ಲೂ ಮಗುವಿನ ಕೆಲಸ ಒಂದೇ: ಪುಸ್ತಕದಲ್ಲಿದ್ದುದನ್ನು ತಪ್ಪಿಲ್ಲದೆ ಇಳಿಸುವುದು. 1910ರಲ್ಲಿ ಸರ್ಕಾರ ಹೊರತಂದ ಹೊಸ ಚಿತ್ರಪುಸ್ತಕವೂ ತರಗತಿಗಳಲ್ಲಿ ಬಳಕೆಯಾದದ್ದು ಹೆಚ್ಚಾಗಿ ಹಾಗೆಯೇ.

ಇದನ್ನು ಪ್ರಶ್ನಿಸಿದವರು ಯಾಮಾಮೋಟೊ ಕನಾಯೆ. ಹುಟ್ಟಿದ್ದು 1882ರಲ್ಲಿ. ಮರದ ಅಚ್ಚಿನ ಚಿತ್ರಕಾರರಾಗಿದ್ದ ಅವರು 1912ರಲ್ಲಿ ಫ್ರಾನ್ಸಿಗೆ ಹೋದರು. ಮಹಾಯುದ್ಧದ ನಡುವೆ 1916ರಲ್ಲಿ ಊರಿಗೆ ಮರಳಿದ್ದು ರಷ್ಯಾದ ಮಾರ್ಗವಾಗಿ. ಮಾಸ್ಕೋದಲ್ಲಿ ಅವರಿಗೆ ಮಕ್ಕಳ ಚಿತ್ರಗಳ ಪ್ರದರ್ಶನ ಕಂಡಿತು. ಯಾರೂ ತಿದ್ದದ, ಯಾವ ಪುಸ್ತಕದಿಂದಲೂ ಇಳಿಸದ ಚಿತ್ರಗಳವು. ಪ್ಯಾರಿಸ್ಸಿನ ಗ್ಯಾಲರಿಗಳನ್ನು ಕಂಡುಬಂದ ಕಲಾವಿದನನ್ನು ಬಹುಕಾಲ ಕಾಡಿದ್ದು ಈ ಮಕ್ಕಳ ಕೈಬರಹ ಎಂಬುದು ಗಮನಿಸಬೇಕಾದ ಮಾತು.

ಅವರ ತಂದೆ ನಾಗಾನೋ ಪ್ರಾಂತದ ಕಾಂಗಾವಾ ಎಂಬ ಹಳ್ಳಿಯಲ್ಲಿ ವೈದ್ಯರಾಗಿದ್ದರು. 1918ರ ಡಿಸೆಂಬರಿನಲ್ಲಿ ಯಾಮಾಮೋಟೊ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕರ ಮುಂದೆ ಮಾತನಾಡಿದರು. ಪುಸ್ತಕ ಮುಚ್ಚಿಡಿ, ಮಕ್ಕಳನ್ನು ನೇರವಾಗಿ ನಿಸರ್ಗದ ಮುಂದೆ ನಿಲ್ಲಿಸಿ ಎಂಬುದು ಅವರ ವಾದದ ತಿರುಳು. ಹಳ್ಳಿಯ ಸುತ್ತ ಬೆಟ್ಟಗಳಿಗೇನೂ ಕೊರತೆ ಇರಲಿಲ್ಲ! ಬೆಟ್ಟದ ಮಡಿಲಲ್ಲೇ ಕುಳಿತು ಪುಸ್ತಕದ ಬೆಟ್ಟವನ್ನು ನಕಲು ಮಾಡುತ್ತಿದ್ದರಷ್ಟೇ. 1919ರ ಏಪ್ರಿಲಿನಲ್ಲಿ ಅದೇ ಶಾಲೆಯಲ್ಲಿ ಮಕ್ಕಳ ‘ಸ್ವತಂತ್ರ ಚಿತ್ರ’ಗಳ ಮೊದಲ ಪ್ರದರ್ಶನ ನಡೆಯಿತು. ಸುದ್ದಿ ಬೇಗ ಹಬ್ಬಿತು. 1920ರಲ್ಲಿ ಸಂಘ ಕಟ್ಟಿದರು, 1921ರಲ್ಲಿ ಯಾಮಾಮೋಟೊ ಈ ಕುರಿತು ಪುಸ್ತಕವನ್ನೇ ಬರೆದರು.

ವಿರೋಧವೂ ಬಂತು, ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ನಕಲು ಬೇಡ ಎಂದದ್ದನ್ನು ಎಷ್ಟೋ ಶಿಕ್ಷಕರು ಏನೂ ಕಲಿಸುವುದು ಬೇಡ ಎಂದು ಅರ್ಥ ಮಾಡಿಕೊಂಡರು. ಕಾಗದ ಕೊಟ್ಟು ಕೈಕಟ್ಟಿ ಕುಳಿತರು. ಆದರೆ ಮಗುವಿಗೆ ನೋಡುವುದನ್ನು ಕಲಿಸಬೇಕಾಗುತ್ತದೆ. ದೂರದ ಗುಡ್ಡ ಹತ್ತಿರದ ಗುಡ್ಡಕ್ಕಿಂತ ಏಕೆ ತಿಳಿನೀಲಿ? ಆಕಾಶ ಕಾಗದದ ಮೇಲಂಚಿನ ಪಟ್ಟಿಯೋ, ಗುಡ್ಡದ ಬೆನ್ನಿನವರೆಗೂ ಇಳಿದು ಬರುತ್ತದೋ? ಇದನ್ನೆಲ್ಲ ಕೇಳುವ ಶಿಕ್ಷಕ ಮಗುವಿನ ಪಕ್ಕದಲ್ಲಿ ಕೂರಬೇಕು, ತಾನೂ ನೋಡಬೇಕು. ಪುಸ್ತಕ ಮುಚ್ಚುವುದಕ್ಕಿಂತ ಇದು ಬಹಳ ಕಷ್ಟದ ಕೆಲಸ. ಚಳವಳಿ ಸೋತದ್ದು ಇಲ್ಲಿಯೇ ಎಂದು ನಮಗೆ ಅನ್ನಿಸುತ್ತದೆ.

ಇನ್ನೊಂದು ತೊಡಕು ಸಾಮಗ್ರಿಯದು. ಬಯಲಿಗೆ ನೀರು, ಕುಂಚ, ಬಣ್ಣದ ತಟ್ಟೆ ಹೊತ್ತೊಯ್ಯುವುದು ಚಿಕ್ಕ ಮಕ್ಕಳಿಗಾಗದು. ಆಗಿನ ಮೇಣದ ಕ್ರಯಾನ್ ಗಟ್ಟಿ, ಬಣ್ಣದ ಮೇಲೆ ಬಣ್ಣ ಕೂಡುತ್ತಿರಲಿಲ್ಲ. ಪೇಸ್ಟಲ್ ಪುಡಿಪುಡಿಯಾಗಿ ಉದುರುತ್ತಿತ್ತು. 1925ರಲ್ಲಿ ಸಕುರಾ ಕಂಪೆನಿ ಯಾಮಾಮೋಟೊ ಅವರ ಸಲಹೆಯೊಂದಿಗೆ ಎರಡರ ಗುಣವನ್ನೂ ಬೆರೆಸಿ ಹೊಸ ಬಣ್ಣದ ಕಡ್ಡಿ ತಯಾರಿಸಿತು. ಆರಂಭದಲ್ಲಿ ಅದು ಸೆಕೆಗೆ ಕರಗಿ, ಚಳಿಗೆ ಗಟ್ಟಿಯಾಗುತ್ತಿದ್ದುದರಿಂದ ಬೇಸಿಗೆಗೊಂದು, ಚಳಿಗಾಲಕ್ಕೊಂದು ಬಗೆ ಮಾರಬೇಕಾಯಿತಂತೆ! ನಮ್ಮ ಮಕ್ಕಳ ಚೀಲದಲ್ಲಿರುವ ಆಯಿಲ್ ಪೇಸ್ಟಲ್ ಪೆಟ್ಟಿಗೆಯ ಮೂಲ ಇದೇ.

1920ರ ದಶಕ ಮುಗಿಯುವಷ್ಟರಲ್ಲಿ ಚಳವಳಿ ತಣ್ಣಗಾಯಿತು. ಮುಂದೆ ಯುದ್ಧದ ವರ್ಷಗಳಲ್ಲಿ ಶಾಲೆಗಳು ರಾಷ್ಟ್ರದ ಪಡೆಗಳಂತಾದವು. 1946ರಲ್ಲಿ ಯಾಮಾಮೋಟೊ ತೀರಿಕೊಂಡರು. ಮಗುವಿನ ಸ್ವಂತ ಚಿತ್ರಕ್ಕಾಗಿ ಜಪಾನಿನಲ್ಲಿ ಮತ್ತೆ ಸಂಘಟಿತ ದನಿ ಎದ್ದದ್ದು ಯುದ್ಧಾನಂತರ, 1952ರಲ್ಲಿ.

ಅವರು ಬಯಲಿಗೆಂದು ಬಯಸಿದ ಬಣ್ಣದ ಕಡ್ಡಿಯಿಂದ ನಮ್ಮ ಮಕ್ಕಳು ಈಗಲೂ ಆ ಎರಡು ತ್ರಿಕೋನಗಳಿಗೆ ಕಂದು ಬಣ್ಣ ತುಂಬುತ್ತಿದ್ದಾರೆ. ನಮ್ಮ ಪರಿಚಯದ ಶಿಕ್ಷಕಿಯೊಬ್ಬರು ಒಮ್ಮೆ ನಾಲ್ಕನೇ ತರಗತಿಯನ್ನು ಶಾಲೆಯ ತಾರಸಿಗೆ ಕರೆದೊಯ್ದು, ಕಂಡದ್ದನ್ನು ಬರೆಯಿರಿ ಎಂದರು. ಬಹಳ ಹೊತ್ತು ಯಾರ ಕಡ್ಡಿಯೂ ಕಾಗದ ಮುಟ್ಟಲಿಲ್ಲ. ಕೊನೆಗೆ ಹುಡುಗನೊಬ್ಬ, “ಟೀಚರ್, ಗುಡ್ಡ ಇಲ್ಲವಲ್ಲ, ಸೂರ್ಯನನ್ನು ಎಲ್ಲಿ ಹಾಕಲಿ?” ಎಂದು ಕೇಳಿದ. ಎಲ್ಲಿದ್ದಾನೆ ನೋಡು ಎಂದರು ಅವರು. ಹುಡುಗ ಹಿಂದಕ್ಕೆ ತಿರುಗಿ ನೋಡಿದ. ಅಂದಿನ ಅವನ ಚಿತ್ರದಲ್ಲಿ ಸೂರ್ಯ ಇರಲಿಲ್ಲ. ಎದುರಿನ ನೀರಿನ ಟ್ಯಾಂಕಿನ ನೆರಳು ಇತ್ತು.