ಎಡಗಾಲಿನ ವಿದ್ಯೆ

ಶುಭಕಾರ್ಯಕ್ಕೆ ಹೊರಡುವಾಗ ಬಲಗಾಲನ್ನು ಮುಂದಿಡಬೇಕೆಂಬುದು ನಮ್ಮ ಮನೆಮನೆಯ ನಡಾವಳಿ. ಹೊಸ ಸೊಸೆ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದಲೇ ಉರುಳಿಸಿ ಒಳಗೆ ಬರುತ್ತಾಳೆ. ಎಡಗಾಲಿಗೆ ಅಂಥ ಗೌರವ ಸಿಕ್ಕಿದ್ದು ಕಡಿಮೆ. ತಿರಸ್ಕಾರವನ್ನು ಹೇಳಬೇಕಾದಾಗ ಮಾತ್ರ ಅದರ ನೆನಪಾಗುತ್ತದೆ. ಆದರೆ ಕಳೆದ ಒಂದು ಶತಮಾನದಲ್ಲಿ ನಮ್ಮ ಲಾರಿ, ಬಸ್ಸು, ಕಾರುಗಳೆಲ್ಲ ನಿಂತ ನೆಲೆಯಿಂದ ಹೊರಟದ್ದು ಚಾಲಕನ ಎಡಗಾಲಿನ ಅನುಗ್ರಹದಿಂದ. ಆ ಕಾಲಿನ ಕೆಳಗಿರುವ ಕ್ಲಚ್ಚೆಂಬ ಸಾಧನದ ಚರಿತ್ರೆಯನ್ನೂ ಅದನ್ನು ಆಡಿಸುವ ವಿದ್ಯೆಯ ಚರಿತ್ರೆಯನ್ನೂ ಈ ಹೊತ್ತು ಕೇಳುಗರ ಮುಂದಿಡಬೇಕೆಂದಿದ್ದೇನೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇದರ ಗೊಡವೆ ಏಕೆಂದು ಕೇಳಬಹುದು. ಉತ್ತರ ಕೊನೆಯಲ್ಲಿದೆ.

ನನಗೆ ಈ ವಿದ್ಯೆಯ ಪರಿಚಯವಾದದ್ದು ದಾಂಡೇಲಿಯಲ್ಲಿ. ಕಾಳೀ ನದಿಯ ದಂಡೆಯ ಈ ಊರು ಬೆಳೆದದ್ದೇ ಮರದಿಂದ. ಸುತ್ತಲಿನ ಕಾಡಿನ ಸಾಗವಾನಿಯನ್ನು ಆನೆಗಳು ಎಳೆದು ರಾಶಿ ಹಾಕುತ್ತಿದ್ದವು. ಎತ್ತಿನ ಗಾಡಿಗಳು ಸಾಗಿಸುತ್ತಿದ್ದವು. ಅಳ್ನಾವರದಿಂದ ಬಂದ ರೈಲು ಹೊತ್ತೊಯ್ಯುತ್ತಿತ್ತು. 1955ರಲ್ಲಿ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ಸ್ಥಾಪನೆಯಾದ ಮೇಲೆ ಬಿದಿರು ಹೇರಿದ ಲಾರಿಗಳ ಸಾಲೂ ಅದಕ್ಕೆ ಕೂಡಿಕೊಂಡಿತು. 1970ರ ದಶಕದಲ್ಲಿ ವಿದ್ಯಾರ್ಥಿಯಾಗಿದ್ದ ನಾನು ಬಸ್ಸು ತಪ್ಪಿದ ದಿನ ಹಳಿಯಾಳದವರೆಗೆ ಇಂಥ ಲಾರಿಗಳನ್ನು ಹತ್ತುತ್ತಿದ್ದುದುಂಟು.

ಒಮ್ಮೆ, ಮಳೆ ಬಿದ್ದು ಬಿಟ್ಟ ಸಂಜೆ, ನಾಟಾ ಹೇರಿದ ಲಾರಿಯೊಂದು ಏರಿನ ನಡುವೆ ನಿಂತುಬಿಟ್ಟಿತು. ರಸ್ತೆಯೆಂದರೆ ಕೆಂಪು ಕೆಸರು. ಕ್ಲೀನರ್ ಹುಡುಗ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟ. ಚಾಲಕ ಮೊದಲನೆಯ ಗೇರಿನಲ್ಲಿ ಒಮ್ಮೆ ಪ್ರಯತ್ನಿಸಿದ. ಗಾಲಿ ನಿಂತಲ್ಲೇ ಗಿರ್ರನೆ ತಿರುಗಿ ಕೆಸರನ್ನು ಹಾರಿಸಿತು. ಆತ ಬೈಯಲಿಲ್ಲ, ಅವಸರಿಸಲೂ ಇಲ್ಲ. ಎರಡನೆಯ ಗೇರಿಗೆ ಹಾಕಿ, ಎಂಜಿನ್ನಿನ ಸದ್ದನ್ನು ಒಂದೇ ಹದದಲ್ಲಿ ನಿಲ್ಲಿಸಿ, ಎಡಗಾಲನ್ನು ಎತ್ತಿದನೋ ಇಲ್ಲವೋ ಎಂಬಷ್ಟು ನಿಧಾನವಾಗಿ ಎತ್ತತೊಡಗಿದ. ಇಡೀ ಲಾರಿ ಒಮ್ಮೆ ನಡುಗಿತು. ಆ ನಡುಕದಲ್ಲಿ ಕಾಲು ಹಾಗೆಯೇ ನಿಂತಿತು. ಮರುಕ್ಷಣ ಗಾಲಿ ಕಲ್ಲನ್ನು ಬಿಟ್ಟು ಮುಂದೆ ಉರುಳಿತು. ನಾನು ಬೆರಗಾಗಿ ನೋಡುತ್ತಿದ್ದುದನ್ನು ಕಂಡು ಆತ ಹೇಳಿದ: "ಗಾಡಿ ಎಲ್ಲಾ ಕಾಲಿಗೆ ಹೇಳತೈತಿ, ತಮ್ಮಾ. ಕಾಲಿಗೆ ಕಿವಿ ಇರಬೇಕು."

ಆ ಮಾತಿನ ಶಾಸ್ತ್ರಾರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಎತ್ತು ನಿಂತಲ್ಲಿಂದಲೇ ಪೂರ್ಣ ಬಲದಿಂದ ಎಳೆಯಬಲ್ಲದು. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಆ ಶಕ್ತಿಯಿಲ್ಲ. ಅದು ಮೊದಲು ತಾನು ತಿರುಗುತ್ತಿರಬೇಕು. ಸಾಕಷ್ಟು ಸುತ್ತು ತಿರುಗಿದ ಮೇಲೆಯೇ ಅದರಲ್ಲಿ ಕಸುವು ಹುಟ್ಟುತ್ತದೆ. ಇತ್ತ ಗಾಲಿ ಸ್ತಬ್ಧವಾಗಿ ನಿಂತಿದೆ. ತಿರುಗುವುದನ್ನೂ ನಿಂತಿರುವುದನ್ನೂ ಥಟ್ಟನೆ ಕೂಡಿಸಿದರೆ ಒಂದೋ ಎಂಜಿನ್ ಆರಿಹೋಗುತ್ತದೆ, ಇಲ್ಲವೆ ಗಾಲಿ ನೆಲದ ಹಿಡಿತ ಬಿಟ್ಟು ಸುಮ್ಮನೆ ಗಿರಕಿ ಹೊಡೆಯುತ್ತದೆ. ಇವೆರಡನ್ನೂ ಮೆಲ್ಲಗೆ, ಜಾರುತ್ತ ಜಾರುತ್ತ ಒಂದಾಗಿಸುವ ಮಧ್ಯಸ್ಥಗಾರನೇ ಕ್ಲಚ್ಚು. ನಮ್ಮ ಚಾಲಕರು 'ಹಾಫ್ ಕ್ಲಚ್' ಎನ್ನುವುದು ಆ ಜಾರುವಿಕೆಯ ಕ್ಷಣವನ್ನು. ಕೆಸರಿನ ಏರಿನಲ್ಲಿ ಮೊದಲನೆಯ ಗೇರು ಗಾಲಿಗೆ ಕೊಟ್ಟ ಬಲ ನೆಲ ತಾಳುವುದಕ್ಕಿಂತ ಹೆಚ್ಚಾಯಿತು. ಎರಡನೆಯದು ಬಲವನ್ನು ತಗ್ಗಿಸಿತು. ಆಗ ನೆಲ ಹಿಡಿಯಿತು.

ಈ ಸಮಸ್ಯೆ ಮೋಟಾರಿನಷ್ಟೇ ಹಳೆಯದು. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಗಾಲಿಯ ವಾಹನದಲ್ಲಿ ಪಟ್ಟಿಯೊಂದನ್ನು ಸಡಿಲ ರಾಟೆಯಿಂದ ಬಿಗಿ ರಾಟೆಗೆ ಸರಿಸಿ ಗಾಡಿಯನ್ನು ಹೊರಡಿಸಬೇಕಾಗಿತ್ತು. 1888ರಲ್ಲಿ ಆತನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮೀರಿದ ಪ್ರಯಾಣ ಮಾಡಿದಳು. ಏರು ಬಂದಾಗ ಇಳಿದು ನೂಕಬೇಕಾಯಿತು. ಆ ಅನುಭವದಿಂದಲೇ ಏರಿಗೊಂದು ತಗ್ಗಿನ ಗೇರು ಬೇಕೆಂಬುದು ಬೆಂಜನಿಗೆ ಮನವರಿಕೆಯಾಯಿತು. 1890ರ ದಶಕದಲ್ಲಿ ಫ್ರಾನ್ಸಿನ ಪನಾರ್ ಮತ್ತು ಲೆವಾಸ್ಸೋರ್ ಸಂಸ್ಥೆ ಎಂಜಿನ್, ಕ್ಲಚ್ಚು, ಗೇರುಪೆಟ್ಟಿಗೆಗಳನ್ನು ಒಂದರ ಹಿಂದೊಂದು ಜೋಡಿಸುವ ಕ್ರಮವನ್ನು ನೆಲೆಗೊಳಿಸಿತು. ಮೊದಲ ಕಾಲದ ಕ್ಲಚ್ಚು ಚರ್ಮ ಹೊದಿಸಿದ ಶಂಕುವಾಗಿತ್ತು. ಮುಂದೆ ಅದು ಬಿಲ್ಲೆಯಾಯಿತು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಹಲ್ಲುಗಳು ಕಿರುಗುಟ್ಟದಂತೆ ಗೇರು ಬದಲಿಸುವ ಏರ್ಪಾಡು ಬಂತು. 1954ರಲ್ಲಿ ಡೈಮ್ಲರ್-ಬೆಂಜ್ ಸಹಯೋಗದಿಂದ ಟಾಟಾ ಸಂಸ್ಥೆ ಜೆಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದ ಮೇಲೆ ಬರ್ತಾಳ ಗಂಡನ ಹೆಸರು ನಮ್ಮ ರಸ್ತೆಗಳಿಗೂ ಬಂತು. ಏರಿನಲ್ಲಿ ಮಾನ್‌ಹೈಮಿನ ಗೃಹಿಣಿ ಎದುರಿಸಿದ ಪ್ರಶ್ನೆಗೇ ದಾಂಡೇಲಿಯ ಚಾಲಕನೂ ಉತ್ತರ ಹುಡುಕುತ್ತಿದ್ದ.

ಈ ಪ್ರಶ್ನೆಯನ್ನೇ ಆಟವಾಗಿಸಿಕೊಂಡವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದಿಂದಲೂ ಯುವಕರು ಹಳೆಯ ಕಾರುಗಳನ್ನು ತಾವೇ ಬಿಚ್ಚಿ ಕಟ್ಟಿ ಬತ್ತಿದ ಕೆರೆಗಳ ಅಂಗಳದಲ್ಲಿ ಓಡಿಸುತ್ತಿದ್ದರು. ಯುದ್ಧಾನಂತರ ಆ ಓಟ ಊರ ಬೀದಿಗಳಿಗೆ ಇಳಿದು ಪ್ರಾಣಕ್ಕೆ ಎರವಾಗತೊಡಗಿತು. 1950ರಲ್ಲಿ ಸಾಂತಾ ಆನಾ ಎಂಬಲ್ಲಿಯ ವಿಮಾನಪಟ್ಟಿಯಲ್ಲಿ ಟಿಕೆಟ್ಟು ಇಟ್ಟು ನೇರ ಓಟದ ಸ್ಪರ್ಧೆ ನಡೆಸಲಾಯಿತು. ಓಟವನ್ನು ಬೀದಿಯಿಂದ ಬಿಡಿಸಿ ಕಟ್ಟುಪಾಡಿಗೆ ತರಲೆಂದು 1951ರಲ್ಲಿ ವಾಲಿ ಪಾರ್ಕ್ಸ್ ಎಂಬಾತ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದ. ಇದಕ್ಕೆ ಡ್ರ್ಯಾಗ್ ರೇಸ್ ಎಂದು ಹೆಸರು. ಎರಡು ಕಾರು, ಒಂದು ನೇರ ದಾರಿ, ಕಾಲು ಮೈಲಿ ದೂರ, ಅಂದರೆ ಸುಮಾರು 402 ಮೀಟರ್. ತಿರುವಿಲ್ಲ, ಏರಿಲ್ಲ. ಇರುವುದು ಹೊರಡುವುದೊಂದೇ.

ಮೊದಲು ಬಾವುಟ ಬೀಸಿ ಓಟ ಬಿಡುತ್ತಿದ್ದರು. 1963ರಲ್ಲಿ ಮೇಲಿನಿಂದ ಕೆಳಕ್ಕೆ ಬೆಳಗುವ ದೀಪಗಳ ಕಂಬ ಬಂತು. ಹಸಿರು ದೀಪಕ್ಕಿಂತ ಮೊದಲೇ ಹೊರಟವನು ಸೋತಂತೆ. ಹಸಿರು ಬೆಳಗಿ ಕಾರು ಕದಲುವವರೆಗಿನ ಅವಧಿ ಬೇರೆ ಲೆಕ್ಕ. ಕದಲಿದ ಮೇಲಿನದು ಬೇರೆ ಲೆಕ್ಕ. ಹೀಗಾಗಿ ನಿಧಾನದ ಕಾರಿನವನೂ ಬೇಗ ಎಚ್ಚೆತ್ತು ಹೊರಟು ಗೆದ್ದದ್ದುಂಟು. ಮೊದಲ 60 ಅಡಿಯ ಕಾಲವನ್ನು, ಅಂದರೆ ಸುಮಾರು 18 ಮೀಟರಿನದನ್ನು, ಪ್ರತ್ಯೇಕವಾಗಿ ಅಳೆಯುತ್ತಾರೆ. ಅಲ್ಲಿ ಉಳಿಸಿದ ಅರೆಗಳಿಗೆ ಕೊನೆಯಲ್ಲಿ ಇಮ್ಮಡಿಯಾಗಿಯೂ ದೊರೆಯಬಹುದೆಂಬುದು ಅವರ ಅನುಭವ.

ಬೆಂಗಳೂರಿನ ಜಕ್ಕೂರು ವಿಮಾನಪಟ್ಟಿಯಲ್ಲಿಯೂ ಇಂಥ ಸ್ಪರ್ಧೆಗಳು ನಡೆದಿವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದ. ಗದ್ದಲದ ನಡುವೆ ನಾನು ಕಿವಿಗೊಟ್ಟದ್ದು ಹೊರಡುವ ಗಳಿಗೆಗೆ ಮಾತ್ರ. ಕ್ಲಚ್ಚನ್ನು ಪೂರ್ತಿ ಒತ್ತಿ, ಮೊದಲ ಗೇರು ಹಾಕಿ, ಎಂಜಿನ್ನನ್ನು ನಿಮಿಷಕ್ಕೆ 3,000 ಅಥವಾ 4,000 ಸುತ್ತಿನಲ್ಲಿ ಸ್ಥಿರವಾಗಿ ನಿಲ್ಲಿಸುತ್ತಾರೆ. ದೀಪ ಬೆಳಗುತ್ತಲೇ ಎಡಗಾಲು ಕ್ಲಚ್ಚು ಕಚ್ಚುವ ಬಿಂದುವಿನವರೆಗೆ ಬೇಗ ಏರುತ್ತದೆ. ಅಲ್ಲಿ ಕಣ್ಣೆವೆಯಷ್ಟು ಹೊತ್ತು ತಡೆದು ಆಮೇಲೆ ಬಿಡುತ್ತದೆ. ಬಲಗಾಲು ಅದರೊಡನೆ ತಾಳ ಹಾಕುತ್ತದೆ. ಒಬ್ಬ ತರುಣ ಒಮ್ಮೆಗೇ ಕಾಲು ತೆಗೆದ. ಗಾಲಿ ಹೊಗೆಯಾಡಿತು, ಕಾರು ಅಲ್ಲೇ ಒದ್ದಾಡಿತು. ಇನ್ನೊಬ್ಬ ಹೆದರಿ ಸುತ್ತು ಇಳಿಸಿದ, ಎಂಜಿನ್ ಮುಗ್ಗರಿಸಿತು. ಮೂರನೆಯವನ ಗಾಲಿ ಚೂರೇ ಜಾರಿ ಹಿಡಿಯಿತು. ಕಾರು ಬಾಣದಂತೆ ಹೋಯಿತು. ಗಾಲಿ ತುಸು ಜಾರುತ್ತಿರುವಾಗಲೇ ಅದರ ಹಿಡಿತ ಅತ್ಯಧಿಕವೆಂದು ವಿದ್ಯಾರ್ಥಿ ವಿವರಿಸಿದ. ಹೊರಡುವಾಗ ಭಾರ ಹಿಂದಕ್ಕೆ ವಾಲುವುದರಿಂದ ಹಿಂದಿನ ಗಾಲಿ ಎಳೆಯುವ ವಾಹನಕ್ಕೆ ಲಾಭ. ನಮ್ಮ ಸಣ್ಣ ಕಾರುಗಳಂತೆ ಮುಂದಿನ ಗಾಲಿ ಎಳೆಯುವುದಕ್ಕೆ ನಷ್ಟ. ಅಲ್ಲಿ ಕಾಲು ಇನ್ನೂ ಮೆತ್ತಗಿರಬೇಕು. ಕೇಳುತ್ತಿದ್ದಂತೆ ನನಗೆ ಆ ಕೆಂಪು ಕೆಸರಿನ ಏರು ಕಣ್ಣ ಮುಂದೆ ಬಂತು. ಇವನು ಗಳಿಗೆ ಉಳಿಸಲು ಹೊರಡುತ್ತಾನೆ, ಅವನು ರಾತ್ರಿಯಾಗುವುದರೊಳಗೆ ಮನೆ ಸೇರಲು ಹೊರಟಿದ್ದ. ವಿದ್ಯೆ ಮಾತ್ರ ಒಂದೇ.

ಒಂದು ಅಂತರವೂ ಇದೆ. ಕ್ಯಾಲಿಫೋರ್ನಿಯಾದ ಆ ಗ್ಯಾರೇಜಿನ ಹುಡುಗರಿಗೆ 1948ರಲ್ಲಿಯೇ 'ಹಾಟ್ ರಾಡ್' ಎಂಬ ಮಾಸಪತ್ರಿಕೆ ಹುಟ್ಟಿತು. ಅವರ ಕೈಯ ಅರಿವು ಅಕ್ಷರವಾಯಿತು, ಅಂಕಿಯಾಯಿತು, ಮುಂದಿನವರಿಗೆ ಪಾಠವಾಯಿತು. ದಾಂಡೇಲಿ, ಜೋಯಿಡಾ, ಹಳಿಯಾಳಗಳ ಲಾರಿ ಚಾಲಕರ ಅರಿವು ಯಾವ ಪುಸ್ತಕಕ್ಕೂ ಏರಿದ್ದನ್ನು ನಾನು ಕಂಡಿಲ್ಲ. ಬರೆಯುವ ಸಂಪ್ರದಾಯ ನಮಗಿರಲಿಲ್ಲವೆ? ಇತ್ತು. ಹನ್ನೆರಡನೆಯ ಶತಮಾನದ ಕೀರ್ತಿವರ್ಮ ದನಕರುಗಳ ರೋಗಗಳನ್ನೂ ಮದ್ದುಗಳನ್ನೂ ಕುರಿತು 'ಗೋವೈದ್ಯ'ವನ್ನು ಕನ್ನಡದಲ್ಲಿ ಬರೆದ. ಅವನ ಕಾಲದ ವಾಹನ ಎತ್ತು. ಎತ್ತಿನ ಬಗ್ಗೆ ಬರೆಯುವುದು ಪಂಡಿತನಿಗೆ ಹೀನವೆಂದು ಅವನಿಗೆ ತೋರಲಿಲ್ಲ. ಮೂವತ್ತು ವರ್ಷಗಳ ಕಾಲ ಅಂಥ ಕೃತಿಗಳ ಹೆಸರನ್ನು ತರಗತಿಯಲ್ಲಿ ಹೇಳಿದ ನಾನು, ಪಕ್ಕದಲ್ಲಿ ಕೂತು ಪ್ರಯಾಣ ಮಾಡಿದ ಚಾಲಕನ ಬಾಯಿಂದ ಬಂದದ್ದರಲ್ಲಿ ಒಂದೇ ಒಂದು ವಾಕ್ಯವನ್ನು ಉಳಿಸಿಕೊಂಡಿದ್ದೇನೆ. ಅವನ ಹೆಸರನ್ನು ಸಹ ಕೇಳಲಿಲ್ಲ. ಈ ವಿಷಯವನ್ನು ಎತ್ತಿಕೊಳ್ಳಲು ಅದೇ ಕಾರಣ.

ಕಾಲ ಮುಂದೆ ಸರಿದಿದೆ. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಆ ಕಾಡೂ ದಾಂಡೇಲಿಯ ಅಭಯಾರಣ್ಯವೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾದವು. ಅದಕ್ಕೆ 2015ರಲ್ಲಿ ಕಾಳಿಯ ಹೆಸರು ಬಂತು. ಕಾಡು ಉಳಿಯುವುದು ಸಂತೋಷದ ಮಾತೇ. ಇತ್ತ 2014ರಿಂದ ಕ್ಲಚ್ಚನ್ನು ತಾನೇ ಒತ್ತಿಕೊಳ್ಳುವ ಸಣ್ಣ ಕಾರುಗಳು ನಮ್ಮಲ್ಲಿ ಬಂದಿವೆ. ವಿದ್ಯುತ್ ಕಾರಿಗೆ ಕ್ಲಚ್ಚೇ ಬೇಡ. ಎತ್ತಿನಂತೆ ಅದು ನಿಂತಲ್ಲಿಂದಲೇ ಪೂರ್ಣ ಬಲದಿಂದ ಎಳೆಯಬಲ್ಲದು. ಒಂದು ಶತಮಾನದ ಸುತ್ತು ತಿರುಗಿ ಮತ್ತೆ ಅಲ್ಲಿಗೇ ಬಂದಂತಾಯಿತು. ಇದಕ್ಕೆ ಮರುಗಬೇಕಾಗಿಲ್ಲ. ಮಂಡಿ ಸವೆಸಿಕೊಂಡ ಚಾಲಕರಿಗೆ ಇದು ಬಿಡುಗಡೆಯೂ ಹೌದು.

ಆದರೆ ಸಾಧನ ಹೋಗುವುದಕ್ಕೆ ಮೊದಲು ಅದರ ಮಾತು ಉಳಿಯಬೇಕು. ನಮ್ಮೂರುಗಳಲ್ಲಿ ಜಗಲಿಯ ಮೇಲೆ ಕುಳಿತಿರುವ ಮುದಿ ಚಾಲಕರು ಇನ್ನೂ ಇದ್ದಾರೆ. ಕೇಳುಗರಲ್ಲಿ ಯಾರಿಗಾದರೂ ಅವರ ಪರಿಚಯವಿದ್ದರೆ, ಒಂದು ಸಂಜೆ ಹತ್ತಿರ ಕುಳಿತು, ಹೇರಿದ ಗಾಡಿಯನ್ನು ಏರಿನಲ್ಲಿ ಹೇಗೆ ಹೊರಡಿಸುತ್ತಿದ್ದಿರೆಂದು ಕೇಳಿರಿ, ಹೇಳಿದ್ದನ್ನು ಬರೆದಿಡಿರಿ. ಮೊದಲಿಗೆ ಅವರ ಹೆಸರನ್ನು ಕೇಳಿರಿ.