ತಿರ್ಲಾಪುರ: ಹೊಲದ ನಂಬರಿನಲ್ಲಿ ಉಳಿದ ಹಿರೀಕರು

ನವಲಗುಂದ ತಾಲೂಕಿನ ತಿರ್ಲಾಪುರ ಎರಿ ಸೀಮೆಗೆ, ಅಂದರೆ ಜೋಳ, ಹತ್ತಿ, ಗೋದಿ, ಕಡಲೆ ಬೆಳೆಯುವ ಕಪ್ಪು ಮಣ್ಣಿನ ಬಯಲಿಗೆ ಸೇರಿದ ಊರು. ಇಂಥ ಊರಿನ ಒಕ್ಕಲು ಮನೆತನಗಳ ಹಿರಿಯರು ಶಾಸನ ಹಾಕಿಸಿದವರಲ್ಲ, ದಿನಚರಿ ಬರೆದವರೂ ಅಲ್ಲ. ಆದರೂ 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಈ ಸೀಮೆ ಕಂಪನಿ ಸರಕಾರದ ಕೈಸೇರಿ, ಮುಂಬಯಿ ಪ್ರಾಂತ್ಯದ ಭಾಗವಾದ ಮೇಲೆ ಬದುಕಿದ್ದ ಒಬ್ಬ ರೈತನ ಜಾಡನ್ನು ಹಿಡಿಯುವುದು ಅಸಾಧ್ಯವೇನಲ್ಲ. ಅವನನ್ನು ಹುಡುಕಬೇಕಾದದ್ದು ಅವನ ಹೆಸರಿನಿಂದಲ್ಲ, ಅವನು ಉತ್ತ ಹೊಲದಿಂದ.

ಆ ಕಾಲದ ಗ್ರಾಮದಾಖಲೆಗಳು ಕುಲಕರ್ಣಿಯ ದಫ್ತರದಲ್ಲಿರುತ್ತಿದ್ದವು. ಕುಲಕರ್ಣಿ ಎಂದರೆ ಊರಿನ ಲೆಕ್ಕಪತ್ರ ಬರೆಯುವ ವಂಶಪಾರಂಪರ್ಯ ವತನದಾರ. ಕಂದಾಯ ವಸೂಲಿಯ ಹೊಣೆ ಪಾಟೀಲನದು. ಆರಂಭದ ಲೆಕ್ಕಗಳು ಬಹುಮಟ್ಟಿಗೆ ಮೋಡಿ ಲಿಪಿಯಲ್ಲಿ, ಅಂದರೆ ಲೇಖನಿ ಎತ್ತದೆ ಅವಸರದಲ್ಲಿ ಬರೆಯಲು ಬಳಸುತ್ತಿದ್ದ ಮರಾಠಿ ಬರವಣಿಗೆಯಲ್ಲಿ ಇರುವುದರಿಂದ, ಕನ್ನಡವಷ್ಟೇ ಬಲ್ಲ ಮೊಮ್ಮಕ್ಕಳಿಗೆ ತಮ್ಮ ಅಜ್ಜನ ಅಜ್ಜನ ಹೆಸರು ಕಣ್ಣೆದುರಿಗಿದ್ದರೂ ಓದಲು ಬಾರದು.

ಹೆಚ್ಚು ಸ್ಪಷ್ಟವಾದ ಸುಳಿವು ಸಿಗುವುದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಜಾರ್ಜ್ ವಿಂಗೇಟ್ ಮೊದಲಾದವರು ರೂಪಿಸಿದ ಭೂಮಾಪನ ಪದ್ಧತಿ ಧಾರವಾಡ ಸೀಮೆಗೆ ಬಂದ ಮೇಲೆ. 33 ಅಡಿಯ ಸರಪಳಿಯಿಂದ ಹೊಲಗಳನ್ನು ಅಳೆದು, ಅದೇ ಸರಪಳಿಯ ಒಂದು ಚೌಕವನ್ನು ಒಂದು ಗುಂಟೆಯೆಂದೂ 40 ಗುಂಟೆಗಳನ್ನು ಒಂದು ಎಕರೆಯೆಂದೂ ಲೆಕ್ಕ ಹಿಡಿದು, ಪ್ರತಿ ಹೊಲಕ್ಕೂ ಒಂದು ಸರ್ವೇ ನಂಬರು ಕೊಟ್ಟರು. ಮಣ್ಣಿನ ಆಳ ಮತ್ತು ಗುಣ ನೋಡಿ ಅದಕ್ಕೆ ಆಣೆಗಳಲ್ಲಿ ದರ್ಜೆ ಕಟ್ಟಿದರು: ಆಳವಾದ ಒಳ್ಳೆಯ ಎರಿ ಭೂಮಿಗೆ ಪೂರ್ತಿ 16 ಆಣೆ, ತೆಳುವಾಗುತ್ತ ಹೋದಂತೆ ಕಡಿಮೆ. ಇದರ ಮೇಲೆ ನಿಂತ ಕಂದಾಯಕ್ಕೆ ಆಕಾರ ಎಂದು ಹೆಸರು. ಒಮ್ಮೆ ಗೊತ್ತುಮಾಡಿದ ದರ ಸಾಮಾನ್ಯವಾಗಿ 30 ವರ್ಷ ನಡೆಯುತ್ತಿತ್ತು.

ಈ ಒಣ ಅಂಕಿಗಳೇ ಬದುಕನ್ನು ಹೇಳುತ್ತವೆ. ಎಕರೆವಾರು ಆಕಾರ ಹೆಚ್ಚಿದ್ದರೆ ಆ ಮನೆತನದ ಕೈಯಲ್ಲಿ ಒಳ್ಳೆಯ ನೆಲವಿತ್ತೆಂದು ತಿಳಿಯಬಹುದು. ಒಂದೇ ನಂಬರು ಮುಂದೆ ಹಿಸ್ಸೆಗಳಾಗಿ ಒಡೆದಿದ್ದರೆ ಅಣ್ಣತಮ್ಮಂದಿರು ಬೇರೆಯಾದದ್ದನ್ನು ಊಹಿಸಬಹುದು. ರೈತನು ಹೊಲವನ್ನು ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದ ಪತ್ರಕ್ಕೆ ರಾಜೀನಾಮೆ ಎಂದೂ, ಹಿಡಿಯುವವನು ಬರೆದುಕೊಡುತ್ತಿದ್ದ ಒಪ್ಪಿಗೆಗೆ ಕಬೂಲಾಯತ್ ಎಂದೂ ಹೆಸರು. 1876-78ರ ಬರದ ಆಸುಪಾಸಿನಲ್ಲಿ ಇಂಥ ರಾಜೀನಾಮೆಯೊಂದು ಕಂಡರೆ ಅದರ ಹಿಂದೆ ಹಸಿವಿದೆಯೇ ಎಂದು ಕೇಳಲೇಬೇಕು. ಏಕೆಂದರೆ ಆಗ ಗದಗ, ಹಾವೇರಿಗಳನ್ನೂ ಒಳಗೊಂಡಿದ್ದ ಧಾರವಾಡ ಜಿಲ್ಲೆಯ ಜನಸಂಖ್ಯೆ 1872 ಮತ್ತು 1881ರ ಗಣತಿಗಳ ನಡುವೆ ಸುಮಾರು 1 ಲಕ್ಷ ಕುಸಿಯಿತು.

ದಾಖಲೆಗಳಲ್ಲಿ ಹೆಣ್ಣುಮಕ್ಕಳು ವಿರಳ. ‘ಬಿನ್’ ಎಂದರೆ ಇಂಥವನ ಮಗ, ‘ಕೋಂ’ ಎಂದರೆ ಇಂಥವನ ಹೆಂಡತಿ; ಈ ‘ಕೋಂ’ ಕಾಣಿಸಿಕೊಳ್ಳುವುದು ಹೆಚ್ಚಾಗಿ ಗಂಡ ತೀರಿಕೊಂಡು, ವಾರಸಾ ಆಗುವಾಗ, ಅಂದರೆ ಹಕ್ಕು ವಾರಸುದಾರರ ಹೆಸರಿಗೆ ಏರುವಾಗ, ಅವಳು ಅಜ್ಞಾನ ಮಗನ, ಎಂದರೆ ವಯಸ್ಸಿಗೆ ಬಾರದವನ, ಪಾಲಕಿಯಾಗಿ ನಿಂತಲ್ಲಿ. 1903ರ ಕಾಯಿದೆಯಿಂದ ಹಕ್ಕುದಾಖಲೆ ಜಾರಿಗೆ ಬಂದ ಮೇಲೆ ಇಂಥ ನೋಂದುಗಳು ಹೆಚ್ಚುತ್ತವೆ. ಇಂದು ಜನ ಉತಾರ ಎನ್ನುವ ಪಹಣಿಯಿಂದ ಹಿಂದಕ್ಕೆ ನಂಬರು ಹಿಡಿದು ನಡೆದರೆ ಆ ನೋಂದುಗಳವರೆಗೆ ತಲುಪುವ ದಾರಿಯಿದೆ.

ಕಾಗದ ಮೌನವಾದಲ್ಲಿ ಮಾತಾಡುವವರು ಹೆಳವರು. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಒಕ್ಕಲು ಮನೆತನದ ಅಂಗಳದಲ್ಲಿ ವಂಶಾವಳಿ ಹೇಳುವ ಈ ಸಮುದಾಯದವರು ತಲೆತಲಾಂತರದಿಂದ ಬಂದ ಬರಹವನ್ನು ದಪ್ಪ ಪುಸ್ತಕಗಳಿಗೆ ಇಳಿಸಿಕೊಂಡಿರುತ್ತಾರೆ. ಮೂಲ ಊರು ಯಾವುದು, ಅಲ್ಲಿಂದ ಎದ್ದು ಬಂದವರು ಯಾರು, ಅವರಿಗೆ ಎಷ್ಟು ಗಂಡುಮಕ್ಕಳು ಎಂಬುದನ್ನು ಅವರು ಒಂದೇ ಓಟದಲ್ಲಿ ಓದುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡಿ, ಬಟ್ಟೆಬರೆ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಈ ವಂಶಾವಳಿಯಲ್ಲಿ ತೇದಿಗಳು ಕಡಿಮೆ, ಪೀಳಿಗೆಗಳು ಹೆಚ್ಚು. ಸರಕಾರಿ ಕಡತದಲ್ಲಿ ತೇದಿಯಿದೆ, ನಂಟು ಕಡಿಮೆ. ಹೆಳವನು ಹೇಳಿದ ಹೆಸರು ಹೊಲದ ನಂಬರಿನ ಎದುರಿಗೂ ಇದ್ದಾಗ ಮಾತ್ರ ಹಿರಿಯನೊಬ್ಬನು ಕಾಲ ಮತ್ತು ನೆಲ ಎರಡರಲ್ಲೂ ಗಟ್ಟಿಯಾಗಿ ನಿಲ್ಲುತ್ತಾನೆ.

ಕುಲಕರ್ಣಿ ವತನ 1950ರ ಕಾಯಿದೆಯಿಂದ ರದ್ದಾಯಿತು. ಹೆಳವರ ಮಕ್ಕಳೂ ಬೇರೆ ಉದ್ಯೋಗಗಳತ್ತ ಸರಿಯುತ್ತಿದ್ದಾರೆ. ಆದ್ದರಿಂದ ತಿರ್ಲಾಪುರದಂಥ ಊರುಗಳ ಮನೆತನಗಳು ಹಳೆಯ ಉತಾರ, ವಾಟ್ನಿಪತ್ರ (ಆಸ್ತಿ ಪಾಲಾದ ಪತ್ರ), ಕಂದಾಯ ಪಾವತಿಗಳನ್ನು ಕೂಡಿಡಬೇಕು, ಹೆಳವನು ಅಂಗಳಕ್ಕೆ ಬಂದಾಗ ಅವನು ಹೇಳಿದ್ದನ್ನು ಬರೆದುಕೊಳ್ಳಬೇಕು, ಮನೆಯ ಹೆಣ್ಣುಮಕ್ಕಳ ಹೆಸರುಗಳನ್ನು ತಾವೇ ಸೇರಿಸಬೇಕು. ಊರ ಚರಿತ್ರೆ ಎಂಬುದು ಹೀಗೆ ಮನೆಮನೆಯಿಂದ ಕೂಡಿಬರಬೇಕಾದ ಕೆಲಸ.