ಮುಳುಗಿದ ಸರ್ವರಿಗೆ ಮರುಜೀವ: ಬ್ಯಾಕಪ್ ಪ್ರತಿಯಿಂದ ವರ್ಚುವಲ್ ಯಂತ್ರ

2005ರ ಜುಲೈ 26ರ ಮಹಾಮಳೆಯನ್ನು ಮುಂಬಯಿ ಕನ್ನಡಿಗರು ಮರೆತಿಲ್ಲ. ಅಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಸುರಿದದ್ದು ಸುಮಾರು 73 ಮಿಲಿಮೀಟರ್ ಮಾತ್ರ. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾ ಪರಿಸರಗಳು ಜಲಾವೃತವಾದಾಗ ತಳ ಅಂತಸ್ತಿನ ಕಚೇರಿ, ಅಂಗಡಿ, ಕಾರ್ಖಾನೆಗಳ ಗಣಕಯಂತ್ರಗಳೂ ನೀರುಪಾಲಾದವು. ಯಂತ್ರವನ್ನು ಮರಳಿ ಕೊಳ್ಳಬಹುದು. ಆದರೆ ಅದರೊಳಗಿನ ಸದಸ್ಯರ ಪಟ್ಟಿ, ಲೆಕ್ಕಪತ್ರ, ಹಳೆಯ ಸಂಚಿಕೆಗಳು ಅಂಗಡಿಯಲ್ಲಿ ದೊರೆಯುವುದಿಲ್ಲ. ಬ್ಯಾಕಪ್ ಪ್ರತಿ ಉಳಿದಿದ್ದರೆ, ಹಳೆಯ ಸರ್ವರಿನಂತಹುದೇ ಯಂತ್ರವನ್ನು ಹುಡುಕದೆ ಅದನ್ನು ಪುನಃ ಚಾಲನೆಗೊಳಿಸುವ ವಿಧಾನವನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ. ನಮ್ಮ ಸಂಘ ಸಂಸ್ಥೆಗಳಿಗೂ ಸಣ್ಣ ಉದ್ಯಮಿಗಳಿಗೂ ಇದು ಉಪಯುಕ್ತವಾದೀತೆಂದು ನಂಬಿದ್ದೇವೆ.

ವರ್ಚುವಲ್ ಯಂತ್ರವೆಂದರೇನು?

ಮಹಾನಗರದ ಒಂದೇ ಕಟ್ಟಡದಲ್ಲಿ ಹಲವು ಸಂಸಾರಗಳು ತಮ್ಮ ತಮ್ಮ ಬಾಗಿಲು ಹಾಕಿಕೊಂಡು ಬಾಳುವಂತೆ, ಒಂದೇ ಗಣಕಯಂತ್ರದೊಳಗೆ ಹಲವು 'ಯಂತ್ರ'ಗಳು ಪ್ರತ್ಯೇಕವಾಗಿ ನಡೆಯಬಲ್ಲವು. ಇವೇ ವರ್ಚುವಲ್ ಯಂತ್ರಗಳು. ಐಬಿಎಂ ಸಂಸ್ಥೆ 1972ರಲ್ಲಿಯೇ ತನ್ನ ಬೃಹತ್ ಗಣಕಗಳಿಗೆ ಈ ಸೌಲಭ್ಯವನ್ನು ಒದಗಿಸಿತ್ತು. 1999ರಲ್ಲಿ ವಿಎಂವೇರ್ ಸಂಸ್ಥೆ ಇದನ್ನು ಸಾಮಾನ್ಯ ಗಣಕಗಳಿಗೆ ತಂದಿತು. ಮುಂದೆ ವರ್ಚುವಲ್‌ಬಾಕ್ಸ್, ಲಿನಕ್ಸ್‌ನ ಕೆವಿಎಂ, ಮೈಕ್ರೋಸಾಫ್ಟ್‌ನ ಹೈಪರ್-ವಿ ಬಂದವು. ವರ್ಚುವಲ್ ಯಂತ್ರದ ಇಡೀ ಡಿಸ್ಕ್ ಒಂದು ದೊಡ್ಡ ಕಡತವಾಗಿರುವುದರಿಂದ ಅದನ್ನು ಬೇರೊಂದು ಗಣಕಕ್ಕೆ ನಕಲು ಮಾಡಿ ನಡೆಸುವುದು ಸಾಧ್ಯ.

ಬ್ಯಾಕಪ್ ಯಾವ ಬಗೆಯದು?

ಬ್ಯಾಕಪ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಕೇವಲ ಕಡತಗಳ ನಕಲು. ಇದರಿಂದ ಸರ್ವರ್ ಏಳದು. ಹೊಸ ವರ್ಚುವಲ್ ಯಂತ್ರದಲ್ಲಿ ಕಾರ್ಯವ್ಯವಸ್ಥೆಯನ್ನೂ ತಂತ್ರಾಂಶದ ಅದೇ ಆವೃತ್ತಿಯನ್ನೂ ಅಳವಡಿಸಿ, ಆಮೇಲೆ ಮಾಹಿತಿಯನ್ನು ತುಂಬಬೇಕು. ಇನ್ನೊಂದು, ಇಡೀ ಡಿಸ್ಕಿನ ಪ್ರತಿಬಿಂಬ, ಅರ್ಥಾತ್ ಡಿಸ್ಕ್ ಇಮೇಜ್. ಮುಂದಿನ ಹಂತಗಳು ಈ ಎರಡನೆಯ ಬಗೆಗೆ ಸಂಬಂಧಿಸಿದವು.

ಪುನಃಸ್ಥಾಪನೆಯ ಹಂತಗಳು

1. ಮೊದಲು ಬ್ಯಾಕಪ್‌ನ ಇನ್ನೊಂದು ನಕಲು ತೆಗೆಯಬೇಕು. ಪ್ರಯೋಗವೆಲ್ಲ ಆ ನಕಲಿನ ಮೇಲೆಯೇ ನಡೆಯಬೇಕು. ನೀರಿನಲ್ಲಿ ನೆನೆದ ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಟ್ಟು ಪರೀಕ್ಷಿಸಬಾರದು. ಅದನ್ನು ತಜ್ಞರಿಗೇ ಒಪ್ಪಿಸಬೇಕು.

2. ಆತಿಥೇಯ ಗಣಕದಲ್ಲಿ ಸಾಕಷ್ಟು ಸ್ಥಳ ಮತ್ತು ಸ್ಮೃತಿ ಇರಬೇಕು. ಅದರ ಬಯಾಸ್‌ನಲ್ಲಿ ಇಂಟೆಲ್ ವಿಟಿ ಅಥವಾ ಎಎಂಡಿ-ವಿ ಸೌಲಭ್ಯ ಚಾಲೂ ಆಗಿರಬೇಕು.

3. ಹಳೆಯ ಸರ್ವರ್ ಬಯಾಸ್ ಮಾದರಿಯದೋ, ಯುಇಎಫ್ಐ ಮಾದರಿಯದೋ ಎಂದು ತಿಳಿದು ವರ್ಚುವಲ್ ಯಂತ್ರವನ್ನೂ ಅದೇ ಮಾದರಿಯಲ್ಲಿ ರಚಿಸಬೇಕು. ಇಲ್ಲವಾದರೆ ಅದು ಡಿಸ್ಕಿನಿಂದ ಆರಂಭವಾಗುವುದಿಲ್ಲ.

4. ಇಮೇಜನ್ನು ತಕ್ಕ ರೂಪಕ್ಕೆ ಪರಿವರ್ತಿಸಬೇಕು. ವಿಎಂವೇರ್‌ಗೆ ವಿಎಂಡಿಕೆ, ಹೈಪರ್-ವಿಗೆ ವಿಎಚ್‌ಡಿ ಅಥವಾ ವಿಎಚ್‌ಡಿಎಕ್ಸ್, ವರ್ಚುವಲ್‌ಬಾಕ್ಸ್‌ಗೆ ವಿಡಿಐ ಸಹಜ ರೂಪಗಳು. ಕ್ಯುಇಎಂಯು-ಇಮೇಜ್ ಎಂಬ ಉಚಿತ ಉಪಕರಣ ಇವನ್ನು ಪರಸ್ಪರ ಪರಿವರ್ತಿಸುತ್ತದೆ. ಬ್ಯಾಕಪ್ ತಂತ್ರಾಂಶಕ್ಕೆ ತನ್ನದೇ ಗುಪ್ತ ರೂಪವಿದ್ದರೆ, ಅದರ ರಿಕವರಿ ಸಿಡಿಯಿಂದ ವರ್ಚುವಲ್ ಯಂತ್ರವನ್ನು ಆರಂಭಿಸಿ ಖಾಲಿ ಡಿಸ್ಕಿನ ಮೇಲೆ ಪ್ರತಿಯನ್ನು ಇಳಿಸಬೇಕು.

5. ಮೊದಲ ಬಾರಿ ಆರಂಭಿಸುವಾಗ ಜಾಲಸಂಪರ್ಕವನ್ನು ಕಡಿದಿಡಬೇಕು. ಒಂದೇ ಹೆಸರು, ಒಂದೇ ವಿಳಾಸದ ಎರಡು ಯಂತ್ರಗಳು ಜಾಲದಲ್ಲಿದ್ದರೆ ಗೊಂದಲವೇಳುತ್ತದೆ. ತಿಂಗಳ ಹಿಂದಿನ ಮಿಂಚಂಚೆಗಳು ಸದಸ್ಯರಿಗೆ ಮತ್ತೆ ಹೋಗಿಬಿಡುವ ಅಪಾಯವೂ ಉಂಟು.

6. ವಿಂಡೋಸ್ ನೀಲಿ ಪರದೆ ತೋರಿ ನಿಂತರೆ ಹೊಸ ಡಿಸ್ಕ್ ನಿಯಂತ್ರಕದ ಡ್ರೈವರ್ ಇಲ್ಲದಿರುವುದೇ ಸಾಮಾನ್ಯ ಕಾರಣ. ನಿಯಂತ್ರಕವನ್ನು ಐಡಿಇ ಅಥವಾ ಸಾಟಾ ಎಂದು ಬದಲಿಸಿ ನೋಡಬೇಕು. ಜಾಲದ ಕಾರ್ಡೂ ಹೊಸದಾಗಿ ಕಾಣುವುದರಿಂದ ಹಳೆಯ ಸ್ಥಿರ ವಿಳಾಸವನ್ನು ಮತ್ತೆ ತುಂಬಬೇಕಾಗುತ್ತದೆ.

7. ಪರದೆಯಲ್ಲಿ ಚಿತ್ರ ಮೂಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬ್ಯಾಕಪ್ ಆದ ದಿನದ ಕೊನೆಯ ರಸೀದಿಯನ್ನು ತೆರೆದು ಕಾಗದದ ಪ್ರತಿಯೊಡನೆ ಹೋಲಿಸಬೇಕು. ಆನಂತರದ ರಸೀದಿಗಳನ್ನು ಕೈಯಾರೆ ನಮೂದಿಸಬೇಕು.

ಕನ್ನಡ ಕಡತಗಳ ವಿಶೇಷ ಸಮಸ್ಯೆ

ಯುನಿಕೋಡ್ ಬಳಕೆ ವ್ಯಾಪಕವಾಗುವ ಮುನ್ನ ಬೆರಳಚ್ಚಾದ ಕನ್ನಡ ಬರಹಗಳು ಅವುಗಳ ಮೂಲ ಫಾಂಟ್ ಇಲ್ಲದಿದ್ದರೆ ಅರ್ಥಹೀನ ಅಕ್ಷರಗಳಾಗಿ ಕಾಣುತ್ತವೆ. ಇಡೀ ಸರ್ವರನ್ನು ವರ್ಚುವಲ್ ಯಂತ್ರವಾಗಿ ಎಬ್ಬಿಸುವುದರ ದೊಡ್ಡ ಲಾಭ ಇಲ್ಲಿಯೇ ಇದೆ: ಫಾಂಟೂ ತಂತ್ರಾಂಶವೂ ಕಡತದ ಜೊತೆಗೇ ಮರಳುತ್ತವೆ. ಆದರೆ ಕೆಲವು ಮುದ್ರಣ ತಂತ್ರಾಂಶಗಳು ಡಾಂಗಲ್ ಎಂಬ ಬೀಗವಿಲ್ಲದೆ ತೆರೆಯವು. ಯುಎಸ್‌ಬಿ ಡಾಂಗಲನ್ನು ವರ್ಚುವಲ್ ಯಂತ್ರಕ್ಕೆ ಜೋಡಿಸಬಹುದು. ಹಳೆಯ ಪ್ರಿಂಟರ್ ಪೋರ್ಟಿನ ಡಾಂಗಲ್ ಆದರೆ ಕಷ್ಟ. ಯಂತ್ರದೊಡನೆ ಬಂದ ವಿಂಡೋಸ್ ಪರವಾನಗಿ ಆ ಯಂತ್ರಕ್ಕೇ ಸೀಮಿತವಾಗಿರಬಹುದೆಂಬುದನ್ನೂ ಗಮನಿಸಬೇಕು.

ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ಸರ್ವರ್ 2003ಕ್ಕೆ 2015ರಲ್ಲಿ ಸುರಕ್ಷಾ ಬೆಂಬಲ ನಿಂತಿದೆ. ಅಂತಹ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸದೆ, ಬರಹಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಂಡು ವಿಶ್ರಾಂತಿ ಕೊಡುವುದು ಲೇಸು.

ಮಳೆಗಾಲಕ್ಕೆ ಮುನ್ನ

ಮಾಹಿತಿಯ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ – ಇದು ಜಗತ್ತಿನಾದ್ಯಂತ ಒಪ್ಪಿತವಾದ ನಿಯಮ. 'ಬೇರೆ ಸ್ಥಳ'ವೆಂದರೆ ಅದೇ ಕಚೇರಿಯ ಇನ್ನೊಂದು ಕಪಾಟಲ್ಲ. ಸಾಂತಾಕ್ರೂಜ್ ಮುಳುಗಿದ ದಿನ ಕೊಲಾಬಾ ಉಳಿದಿತ್ತೆಂಬುದನ್ನು ನೆನೆಯೋಣ. ಸರ್ವರ್ ಮತ್ತು ಬ್ಯಾಕಪ್‌ನ ಪಾಸ್‌ವರ್ಡ್‌ಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಇಬ್ಬರು ಪದಾಧಿಕಾರಿಗಳು ಇರಿಸಿಕೊಳ್ಳಲಿ. ಕಾರ್ಯಕಾರಿ ಸಮಿತಿ ಬದಲಾದಾಗ ಅದೂ ಹಸ್ತಾಂತರವಾಗಲಿ. ಪ್ರತಿವರ್ಷ ಮೇ ತಿಂಗಳಲ್ಲಿ ಒಂದು ರವಿವಾರವನ್ನು ಮೀಸಲಿಟ್ಟು, ಬ್ಯಾಕಪ್ ಪ್ರತಿಯಿಂದ ಸರ್ವರ್ ನಿಜವಾಗಿಯೂ ಏಳುತ್ತದೆಯೇ ಎಂದು ಪರೀಕ್ಷಿಸಬೇಕಾಗಿ ನಮ್ಮ ಎಲ್ಲ ಸಂಘ ಸಂಸ್ಥೆಗಳಲ್ಲಿ ವಿನಂತಿಸುತ್ತೇವೆ.